ದೊಡ್ಡಮ್ಮನ ಹೊಸ ಚಕ್ರಗಳು

ನಗಬೇಡಿ... ನಗಬೇಡಿ ಅಂದೆ ಅಳಿಯಂದಿರೇ! ಬೆಕ್ಕಿನ ಹಾಗೆ ಸದ್ದಿಲ್ಲದೆ ಬಂದು, ಬಾಗಿಲಲ್ಲಿ ನಿಂತು ಕಿಸಕ್ಕಂತ ನಕ್ಕರೆ ಈ ಮುದುಕನ ಎದೆ ಒಡೆಯಲ್ವಾ? ಅದೇನು ರಬ್ಬರ್ ಬೂಟು ಹಾಕ್ಕೊಂಡು ಓಡಾಡ್ತೀರೋ, ಬಂದಿದ್ದೂ ಗೊತ್ತಾಗಲ್ಲ, ಹೋಗಿದ್ದೂ ಗೊತ್ತಾಗಲ್ಲ. ಏನು ನೋಡಿ ನಕ್ಕಿದ್ದು, ಅದನ್ನ ಹೇಳಿ. ಮಾವ ನೆಲದ ಮೇಲೆ ಕೂತು ಚಕ್ರ ತಬ್ಬಿಕೊಂಡಿದ್ದಾನೆ ಅಂತಾನಾ? ಚಕ್ರ ಕೂರಿಸೋದು ಹೀಗೇ. ತೊಡೆ ಮೇಲೆ ಮಗು ಕೂರಿಸ್ಕೊಂಡ ಹಾಗೆ ಕೂರಿಸ್ಕೊಂಡು, ತೂತಿಗೆ ಬೋಲ್ಟು ಸಿಗೋವರೆಗೂ ಮೆಲ್ಲಗೆ ತಿರುಗಿಸ್ತಾ ಇರಬೇಕು... ತಿರುಗಿಸ್ತಾ ಇರಬೇಕು... ಹಾಂ! ಕೂತ್ಕೊಳ್ತು. ನೋಡಿದ್ರಾ? ಕಣ್ಣು ಮುಚ್ಕೊಂಡು ಮಾಡ್ತೀನಿ ಈ ಕೆಲಸ.

ಮೊದಲು ಆ ಕೋಟು ಬಿಚ್ಚಿ. ಗ್ರೀಸ್ ಮೆತ್ತಿಕೊಂಡರೆ ನನ್ನ ಮಗಳು ನಿಮ್ಮನ್ನ ಬಿಟ್ಟು ನನ್ನನ್ನ ಬಯ್ತಾಳೆ. ಅಲ್ಲೇ, ಬಾಗಿಲ ಪಕ್ಕ ಮೊಳೆ ಇದೆಯಲ್ಲ, ಅದಕ್ಕೆ ತಗುಲಿಸಿ. ಟೋಪೀನೂ ಅದರ ಮೇಲೇ ಇಡಿ. ಹೇಗಿದ್ದಾಳೆ ಅವಳು?... ಕಾಲು ಊದಿದೆಯಾ? ಊದುತ್ತೆ, ಊದುತ್ತೆ, ದಿನ ತುಂಬಿದೆಯಲ್ಲ. ಇವತ್ತೋ ನಾಳೆಯೋ ಅಂದಿದ್ದಾರೆ ಡಾಕ್ಟರು. ಅದಕ್ಕೇ ನೋಡಿ ಈ ಅವಸರ. ನೋವು ಶುರುವಾಯ್ತು ಅಂತ ನಿಮ್ಮ ಫೋನು ಬರಬೇಕು, ನಮ್ಮ ದೊಡ್ಡಮ್ಮ ನಿಮ್ಮ ಮನೆ ಮುಂದೆ ನಿಂತಿರಬೇಕು.

ಇನ್ನೂ ನಗ್ತಿದ್ದೀರಲ್ಲ! ಗಾಡಿಗೆ ದೊಡ್ಡಮ್ಮ ಅಂತ ಹೆಸರಿಟ್ಟವನು ನಾನಲ್ಲ, ನಿಮ್ಮ ಹೆಂಡತಿ, ಮೂರು ವರ್ಷದವಳಿದ್ದಾಗ. ದಪ್ಪ, ನಿಧಾನ, ಹತ್ತೋವಾಗ ನರಳುತ್ತೆ ಅಂತ... ಏನಂದ್ರಿ? ಹೆಸರಿಗಲ್ವಾ? ಮತ್ತೆ? ಬಣ್ಣಾನಾ? ಚಕ್ರದ ಬಣ್ಣಕ್ಕೇನಾಯ್ತು? ಹೊಸ ರಿಮ್ಮು, ನಾನೇ ಕೂತು ಎರಡೆರಡು ಸಲ ಹೊಡೆದಿದ್ದೀನಿ. ನಾಲ್ಕಕ್ಕೂ ಬೆಳ್ಳಿ... ಮೂರಕ್ಕಾ? ಮೂರು ಬೆಳ್ಳಿ, ಒಂದು...?

ಓ. ಅದಾ!

ಅದು ಬೇಕಂತಲೇ ಹಾಕಿದ್ದು ಕಣ್ರೀ. ಈಗ ಎಲ್ಲಾ ಹಾಗೇ ಮಾಡೋದು. ಗುರುತಿಗೆ ಒಂದು ಬೇರೆ ಇರಲಿ ಅಂತ. ನೂರು ಗಾಡಿ ನಿಂತಿರೋ ಕಡೆ ನಮ್ಮದು ಯಾವುದು ಅಂತ ತಕ್ಷಣ ಗೊತ್ತಾಗಬೇಕಲ್ಲ! ಅಂದಹಾಗೆ... ನಿಮ್ಮ ಕಣ್ಣಿಗೆ ಅದು ಯಾವ ಬಣ್ಣ ಅಂತ ಕಾಣುತ್ತೆ? ಸುಮ್ಮನೆ ಕೇಳ್ದೆ. ಒಬ್ಬೊಬ್ಬರಿಗೆ ಒಂದೊಂದು ಥರ ಕಾಣುತ್ತೆ ಅಂತಾರೆ... ಹಸಿರಾ? ಹೂಂ, ಹಸಿರೇ. ಹಸಿರು ಅಂತಲೇ ಹಾಕಿದ್ದು. ನಿಮ್ಮತ್ತೆ ಅಡುಗೆಮನೆ ಕಿಟಕಿಗೆ ಹಚ್ಚಿ ಉಳಿಸಿದ್ದ ಡಬ್ಬ ಅದು. ದಂಡ ಆಗಬಾರದು ನೋಡಿ.

ಬಿಡಿ. ಬಂದಿದ್ದೀರಿ, ಒಂದು ಕೈ ಕೊಡಿ. ಅಲ್ಲಿ ಬೆಂಚಿನ ಮೇಲೆ ಶಾಕ್ ಅಬ್ಸಾರ್ಬರ್ ಬಂದಿದ್ದ ಡಬ್ಬಗಳಿವೆ. ಅದರ ಮೇಲೆ ನಟ್ಟು ಎಷ್ಟು ಬಿಗಿ ಮಾಡಬೇಕು ಅಂತ ಸಣ್ಣ ಅಕ್ಷರದಲ್ಲಿ ಬರೆದಿರುತ್ತೆ, ಓದಿ ಹೇಳಿ. ನನ್ನ ಕನ್ನಡಕ ಒಳಗೆ ಮರೆತು ಬಂದಿದ್ದೀನಿ... ಎಲ್ಲಿ? ನನ್ನ ಮೂಗಿನ ಮೇಲಾ?... ಇದು ದೂರದ್ದು ರೀ! ನಾನು ಹೇಳಿದ್ದು ಹತ್ತಿರದ್ದು. ಅಲ್ಲದೆ ಈ ಶೆಡ್ಡಿನ ಬಲ್ಬು ನೋಡಿ, ಮಿಣುಕು ಹುಳ ಇದಕ್ಕಿಂತ ವಾಸಿ... ಹೊಸದಾ? ನಿಮ್ಮತ್ತೆ ಮೊನ್ನೆ ತಾನೇ ಬದಲಾಯಿಸಿದ್ಲಾ? ಹಾಗಾದ್ರೆ ಕಂಪನಿಯವರೇ ಮೋಸ ಮಾಡಿದ್ದಾರೆ. ಓದಿ, ಓದಿ.

...ಹೂಂ. ಸರಿಯಾಗೇ ಮಾಡಿದ್ದೀನಿ ಹಾಗಾದ್ರೆ. ನೋಡಿ, ಈ ಕೈಗೆ ಗೊತ್ತಾಗುತ್ತೆ, ಎಲ್ಲಿ ಸಾಕು ಅಂತ. ನಟ್ಟು ಬಿಗಿಯೋವಾಗ ಒಂದು ಹಂತದಲ್ಲಿ ಅದೇ ಹೇಳುತ್ತೆ, ಸಾಕು ಮಾರಾಯ ಅಂತ. ಈಗಿನ ಗ್ಯಾರೇಜಿನ ಹುಡುಗರಿಗೆ ಅದೆಲ್ಲ ಎಲ್ಲಿ ಕೇಳಬೇಕು! ಮಷೀನಲ್ಲಿ ಟರ್ರ್ ಅಂತ ತಿರುಗಿಸಿ ಕಳಿಸ್ತಾರೆ. ಅದಕ್ಕೇ ಮನೇಲೇ ಮಾಡ್ತೀನಿ ಅಂತ ಹಠ ಹಿಡಿದಿದ್ದು. ಹಿಂದುಗಡೆ ಹಳೇ ಪಟ್ಟಿ ಸ್ಪ್ರಿಂಗುಗಳಿದ್ವಲ್ಲ, ಒಂದರ ಕೆಳಗೊಂದು ಜೋಡಿಸಿದ್ದು, ಚಪ್ಪಟೆ ಆಗಿ ನೆಟ್ಟಗೆ ಮಲಗಿಬಿಟ್ಟಿದ್ವು. ತೆಗೆದು ಬಿಸಾಕಿದೆ. ಹೊಸದು ನೋಡಿ, ಹೇಗೆ ಬಿಲ್ಲಿನ ಹಾಗೆ ಬಾಗಿದೆ! ಮುಂದೆ ಹೊಸ ಸುರುಳಿ ಸ್ಪ್ರಿಂಗು, ನಾಲ್ಕು ಕಡೆ ಹೊಸ ಶಾಕು, ರಬ್ಬರ್ ಬುಷ್ಷೆಲ್ಲ ಹೊಸದು. ಚಕ್ರ ಒಂದು ಸುತ್ತು ದೊಡ್ಡದು, ಟೈರು ಮೆತ್ತಗೆ. ನಿಮ್ಮಾಕೆ ಹಿಂದಿನ ಸೀಟಲ್ಲಿ ಒರಗಿಕೊಂಡರೆ ಆಯ್ತು, ಹೊಟ್ಟೆಯ ನೀರು ಅಲುಗದ ಹಾಗೆ ಆಸ್ಪತ್ರೆ ಸೇರಿಸ್ತೀನಿ.

ಯಾಕೆ ಮಾಡಬೇಕಾಗಿತ್ತಾ? ಯಾಕೆ ಅಂತ ಕೇಳ್ತೀರಲ್ಲ! ದೊಡ್ಡಮ್ಮ ಈಚೆಗೆ ಬೀದೀಲಿ ಒಂದು ಹಳ್ಳ ಬಿಡ್ತಾ ಇರಲಿಲ್ಲ. ಒಂದೂ ಬಿಡ್ತಾ ಇರಲಿಲ್ಲ! ಹುಡುಕ್ಕೊಂಡು ಹೋಗಿ ಬೀಳ್ತಿತ್ತು. ಗಾಡಿಗೆ ವಯಸ್ಸಾದ್ರೆ ಹೀಗೇ, ಹಳ್ಳದ ಕಡೆಗೇ ಎಳೆಯೋಕೆ ಶುರು ಮಾಡುತ್ತೆ. ಮೊದಲೆಲ್ಲ ಹಾಗಿರಲಿಲ್ಲ. ರಸ್ತೆ ಉಬ್ಬಂತೂ ಕೇಳಲೇಬೇಡಿ. ಈ ನಗರಸಭೆಯವರು ಒಂದು ಗುರುತಿಲ್ಲ, ಪಟ್ಟೆಯಿಲ್ಲ, ರಾತ್ರೋರಾತ್ರಿ ಉಬ್ಬು ಕಟ್ಟಿ ಹೋಗಿಬಿಡ್ತಾರೆ... ಬಿಳಿ ಪಟ್ಟೆ ಬಳಿದಿದ್ದಾರಾ? ಎಲ್ಲಾ ಉಬ್ಬಿಗೂ? ಅಷ್ಟು ದಪ್ಪವಾಗಿ? ಹಾಗಾದ್ರೆ ಈಚೆಗೆ ಬಳಿದಿರಬೇಕು.

ಅದೇನು ಅಲ್ಲಿ ಬಗ್ಗಿದ್ರಿ? ಮೂಲೇಲಿ?... ಅದು ಹಳೇ ಚಕ್ರ ಕಣ್ರೀ, ಗುಜರಿಗೆ ಹಾಕೋಕೆ ಇಟ್ಟಿದ್ದು. ಬಿಡಿ ಅದನ್ನ, ಕೈ ಕೊಳೆಯಾಗುತ್ತೆ. ಏನು ಸವರಿ ಸವರಿ ನೋಡ್ತಿದ್ದೀರಿ? ಅಯ್ಯೋ ನಿಮ್ಮ ಹಾಳು ಅಭ್ಯಾಸ! ವಿಮೆ ಕಂಪನಿಯವರ ಹಣೆಬರಹಾನೇ ಇಷ್ಟು. ಬೆಳಗಾದರೆ ಗುದ್ದಿದ ಗಾಡಿ, ಸಂಜೆಯಾದರೆ ಮಗುಚಿದ ಗಾಡಿ. ಒಂದು ಗೀರು ನೋಡಿದ್ರೆ ಸಾಕು, ಯಾವ ಕಡೆಯಿಂದ ಬಂದ, ಎಷ್ಟು ಜೋರಲ್ಲಿ ಬಂದ, ಕುಡಿದಿದ್ನಾ, ನಿದ್ದೆ ಮಾಡ್ತಿದ್ನಾ ಎಲ್ಲಾ ಹೇಳಿಬಿಡ್ತೀರಿ. ಮಾವನ ಮನೇಲೂ ಅದೇ ಕೆಲಸಾನಾ?... ಎಡಗಡೆ ಚಕ್ರ ಎರಡೂ ಅಂಚಲ್ಲಿ ತರಚಿದೆ, ಬಲಗಡೆಯದು ನುಣ್ಣಗಿದೆ ಅಂತೀರಾ? ಇರುತ್ತೆ. ಫುಟ್‌ಪಾತ್ ಇರೋದು ಎಡಗಡೆ ತಾನೇ, ಬಲಗಡೆ ಉಜ್ಜೋಕೆ ಫುಟ್‌ಪಾತ್ ಎಲ್ಲಿಂದ ತರಲಿ?

ಗೇಟಿನ ಕಂಬವಾ? ಅದು ಮೊದಲಿಂದಲೂ ವಾಲಿತ್ತು.

ನೀವು ಹೀಗೆಲ್ಲ ಮೌನವಾಗಿ ತಲೆ ಆಡಿಸಬೇಡಿ ಅಳಿಯಂದಿರೇ, ನನಗೆ ಅದು ಇಷ್ಟ ಆಗಲ್ಲ. ಆಡಿಸ್ತಾನೇ ಇದ್ದೀರಿ ತಾನೇ? ಗೊತ್ತಾಗುತ್ತೆ ನನಗೆ. ಈ ಊರಲ್ಲಿ ಸ್ಟೀರಿಂಗ್ ಹಿಡಿಯೋ ಅರ್ಧ ಜನಕ್ಕೆ ಡ್ರೈವಿಂಗ್ ಕಲಿಸಿದ ಮೇಷ್ಟ್ರು ನಾನು. ಪಕ್ಕದ ಸೀಟಲ್ಲಿ ಕೂತು, ಬ್ರೇಕಿನ ಮೇಲೆ ಒಂದು ಕಾಲಿಟ್ಟು, ಜೀವ ಕೈಯಲ್ಲಿ ಹಿಡ್ಕೊಂಡು ಕಲಿಸಿದವನು. ಯಾರ ಹತ್ತಿರವಾದ್ರೂ ಕೇಳಿ, ನನ್ನ ಶಿಷ್ಯರು ಯಾರಾದ್ರೂ ಇವತ್ತಿಗೂ ಒಂದು ಕೋಳಿಗೆ ಗುದ್ದಿದ್ದಾರಾ ಅಂತ. ಯಾಕೆ ಹೇಳಿ? ಮೊದಲ ದಿನದ ಪರೀಕ್ಷೆ. ಕೀಲಿ ಮುಟ್ಟೋಕೂ ಮುಂಚೆ ಅವರನ್ನ ಇದೇ ಬಾಗಿಲಲ್ಲಿ ನಿಲ್ಲಿಸ್ತಿದ್ದೆ. ಬೀದಿಯ ಆ ಕಡೆ ನಿಂತಿರೋ ಗಾಡಿಯ ನಂಬರ್ ಓದಪ್ಪಾ ಅಂತಿದ್ದೆ. ಓದಿದ್ರೆ ಕೀಲಿ. ಓದದೇ ಇದ್ರೆ ಮನೆಗೆ. ಅಳಲಿ, ಕಾಲು ಹಿಡೀಲಿ, ದೊಡ್ಡ ಅಧಿಕಾರಿ ಆಗಿರಲಿ! ಒಬ್ಬ ದರ್ಜಿ ಬಂದಿದ್ದ, ಅವನು ನಂಬರ್ ಬಾಯಿಪಾಠ ಮಾಡ್ಕೊಂಡು ಬಂದು ಗಡಗಡ ಅಂತ ಒಪ್ಪಿಸಿಬಿಟ್ಟ. ಆವತ್ತು ಅಲ್ಲಿ ನಿಂತಿದ್ದದ್ದು ಬೇರೆ ಗಾಡಿ! ಹ್ಹ ಹ್ಹ... ಎಂಥಾ ಬಯ್ಗುಳ ಬೈದೆ ಅಂತೀರಿ ಅವನಿಗೆ. ನಿನ್ನ ಚಪಲಕ್ಕೆ ಇನ್ನೊಬ್ಬರ ಮಕ್ಕಳ ಪ್ರಾಣ ತೆಗೀತೀಯೇನೋ ಅಂದೆ. ಹಾಗೆ ಹೇಳಿದ್ದೆ... ಹೂಂ.

ನೀವು ಮಾತ್ರ ಆವತ್ತು ನಂಬರ್ ಓದಿದ್ದಲ್ಲದೆ ಅದರ ಕೆಳಗೆ ಸಣ್ಣಗೆ ಬರೆದಿದ್ದ ಅಂಗಡಿ ಹೆಸರನ್ನೂ ಓದಿದ್ರಿ. ಎಂಥಾ ಕಣ್ಣಪ್ಪಾ ಇವನದು, ಇವನಿಗೆ ಮಗಳನ್ನ ಕೊಡಬಹುದು ಅಂದ್ಕೊಂಡೆ. ಕೊಟ್ಟೂ ಕೊಟ್ಟೆ. ಆದ್ರೆ ಡ್ರೈವಿಂಗು? ಮೂರನೇ ದಿನಕ್ಕೆ ಪರಾರಿ! ಇಡೀ ಊರಿಗೆ ಕಲಿಸಿದವನ ಅಳಿಯನಿಗೆ ಗಾಡಿ ಬರಲ್ಲ. ಯಾರ ಹತ್ತಿರ ಹೇಳ್ಕೊಳ್ಳಲಿ ನಾನು? ನಿಮ್ಮ ತೊಂದರೆ ಏನು ಗೊತ್ತಾ? ನಿಮಗೆ ಜಾಸ್ತಿ ಕಾಣುತ್ತೆ. ಎಲ್ಲಿ ನೋಡಿದ್ರೂ ಆಗಬಹುದಾದ ಗುದ್ದೇ ಕಾಣುತ್ತೆ. ಅಷ್ಟೆಲ್ಲಾ ನೋಡಬಾರದು ಡ್ರೈವರ್ ಆದವನು. ಬೇಕಾದ್ದಷ್ಟೇ ಕಂಡ್ರೆ ಸಾಕು.

ನನ್ನದಾ? ನನ್ನ ಕಣ್ಣಿಗೇನಾಗಿದೆ? ಈಗಲೂ, ಇಲ್ಲೇ ಕೂತು ಓದಲಾ? ಎದುರುಗಡೆ ಬ್ರೆಡ್ ಅಂಗಡಿಯವರ ವ್ಯಾನು... ನಲವತ್ತೇಳು ಹದಿಮೂರು. ಆಯ್ತಾ? ...ಯಾಕೆ ಹೊರಗೆ ಇಣುಕಿದ್ರಿ? ಸರಿಯಾಗಿದೆ ತಾನೇ? ...ಏನಾದ್ರೂ ಹೇಳಿ. ...ಹೂಂ ಅಂದ್ರಾ? ಹೂಂ ಅಂದ್ರೆ ಸರಿ ಅಂತ. ಆಯ್ತು.

ಈಗ ಆ ಜಾಕ್ ಇಳಿಸ್ತೀನಿ, ಸ್ವಲ್ಪ ದೂರ ನಿಲ್ಲಿ. ನಿಧಾನಕ್ಕೆ... ನಿಧಾನಕ್ಕೆ... ಇಳೀ ತಾಯಿ, ಇಳೀ. ಹಾ! ನೆಲ ಮುಟ್ಟಿದ್ದಾದ್ರೂ ಗೊತ್ತಾಯ್ತಾ? ಹಂಸ, ಹಂಸ! ಮೊದಲಾಗಿದ್ರೆ ಕಿರ್‍ರ್ ಅಂತ ಇಡೀ ಬೀದಿಗೆ ಕೇಳಿಸ್ತಿತ್ತು. ಈಗ ನಾಲ್ಕು ಜನ ಹತ್ತಿ ಕೂತ್ರೂ ಒಂದು ಸದ್ದಿಲ್ಲ. ಬಾಗಿಲ ಕೀಲುಗಳಿಗೂ ಎಣ್ಣೆ ಬಿಟ್ಟಿದ್ದೀನಿ, ತೆಗೆದಿದ್ದೂ ಗೊತ್ತಾಗಲ್ಲ, ಹಾಕಿದ್ದೂ ಗೊತ್ತಾಗಲ್ಲ.

ನಿಮ್ಮತ್ತೇನಾ? ಒಳಗಿದ್ದಾಳೆ. ನಿಮ್ಮತ್ತೆಗೆ ಈಚೆಗೆ ಒಂದು ಹುಚ್ಚು ಹಿಡಿದಿದೆ. ಗಾಡೀಲಿ ಕೂತ್ರೆ ಸಾಕು, ರೇಡಿಯೋದಲ್ಲಿ ಕ್ರಿಕೆಟ್ಟು ಹೇಳಿದ ಹಾಗೆ ಹೇಳ್ತಾನೇ ಇರ್ತಾಳೆ. ಮುಂದೆ ಸೈಕಲ್ಲು ರೀ, ಎಡಕ್ಕೆ ಹಳ್ಳ ರೀ, ಕೆಂಪು ದೀಪ ರೀ, ಯಾರೋ ಹೆಂಗಸು ದಾಟ್ತಿದ್ದಾಳೆ ರೀ! ತಲೆ ತಿಂದುಬಿಡ್ತಾಳೆ. ಇಷ್ಟು ವರ್ಷ ಪಕ್ಕದಲ್ಲಿ ಕೂತು ಗೊರಕೆ ಹೊಡೀತಿದ್ದವಳು ಈಗ ಇದ್ದಕ್ಕಿದ್ದ ಹಾಗೆ... ಹೋದ ತಿಂಗಳು ಗಂಟಲು ಕಟ್ಟಿ ಒಂದು ವಾರ ಮಾತಾಡಬೇಡಿ ಅಂತ ಡಾಕ್ಟರು ಹೇಳಿದ್ರು ನೋಡಿ, ಅಬ್ಬಾ, ಎಂಥಾ ನೆಮ್ಮದಿ! ಆದ್ರೆ ನನ್ನ ಗ್ರಹಚಾರ, ಅದೇ ವಾರ ಸಸ್ಪೆನ್ಷನ್ನು ಕೈಕೊಡ್ತು. ಆ ವಾರಾನೇ ಫುಟ್‌ಪಾತ್ ಹತ್ತಿದ್ದು, ಆ ವಾರಾನೇ ಕಂಬ... ಕಂಬ ಮೊದಲಿಂದಲೂ ವಾಲಿತ್ತು ಅಂದೆನಲ್ಲ. ಏನು ನೋಡ್ತಿದ್ದೀರಿ ಹಾಗೆ?

ನಾಳೆ ಅವಳು ಮುಂದೆ ಕೂತ್ಕೊಳ್ತಾಳೆ, ನೀವಿಬ್ಬರೂ ಹಿಂದೆ. ಮಾತಾಡ್ತಾ ಇರಲಿ ಪಾಪ, ಬೇಡ ಅನ್ನಲ್ಲ ನಾನು. ಈಗ ಅಭ್ಯಾಸ ಆಗಿಹೋಗಿದೆ.

ಏನು? ...ಇನ್ನೊಂದ್ಸಲ ಹೇಳಿ.

ಬಾಡಿಗೆ ಗಾಡಿ ಹೇಳಿಟ್ಟಿದ್ದೀರಾ?

ಯಾರು ಹೇಳಿದ್ದು? ಅವಳಾ? ನನ್ನ ಮಗಳಾ? ನನ್ನ ಮಗಳು ಬಾಡಿಗೆ ಗಾಡೀಲಿ ಹೋಗ್ತಾಳಾ? ಅಳಿಯಂದಿರೇ, ಅವಳು ಹುಟ್ಟಿ ಮೂರನೇ ದಿನಕ್ಕೆ ಇದೇ ಗಾಡೀಲಿ ಆಸ್ಪತ್ರೆಯಿಂದ ಮನೆಗೆ ಬಂದವಳು. ಒಂದೊಂದು ಹಳ್ಳಕ್ಕೂ ಗಾಡಿ ನಿಲ್ಲಿಸಿ, ಇಳಿದು ಆಳ ನೋಡಿ, ಮತ್ತೆ ಹತ್ತಿ ಹೊರಡ್ತಿದ್ದೆ. ಹಿಂದಿನ ಬಸ್ಸಿನವನು ನನ್ನ ವಂಶಾನೇ ಜಾಲಾಡಿಬಿಟ್ಟ. ಜಾಲಾಡಲಿ ಅಂದೆ. ಹಿಂದೆ ತಿರುಗಿ ನೋಡ್ತೀನಿ, ನಿಮ್ಮತ್ತೆ ತೊಡೆ ಮೇಲೆ ಮುಷ್ಟಿಯಷ್ಟು ಮುಖ, ಎಚ್ಚರವಾಗೇ ಇದೆ, ಅಳ್ತಿಲ್ಲ. ಆ ಮುಖ ಇವತ್ತಿಗೂ ಕಣ್ಣಲ್ಲಿದೆ. ಈಗ ಅವಳ ಮಗು ಬರೋವಾಗ ಯಾವನೋ ಗುರುತಿಲ್ಲದವನು ಗಾಡಿ ಓಡಿಸ್ತಾನಾ? ಆಗಲ್ಲ. ಬೇಡ ಅಂತ ಹೇಳಿ ಅವನಿಗೆ. ಈಗಲೇ ಹೇಳಿ.

ಕಣ್ಣಿನ ಡಾಕ್ಟರ್ ಹತ್ತಿರ ಯಾವಾಗ ಹೋಗಿದ್ರಿ ಅಂದ್ರೆ? ಯಾಕೆ ಹೋಗ್ಲಿ? ...ನಿಮ್ಮತ್ತೆ ಹೇಳಿದ್ಲಾ? ಹೋಗಿದ್ದೆ, ಹೋಗಿದ್ದೆ. ಕನ್ನಡಕದ ಕಾಲು ಸಡಿಲ ಆಗಿತ್ತು, ಅದಕ್ಕೆ ಹೋಗಿದ್ದೆ. ಆ ಡಾಕ್ಟರೂ ನನ್ನ ಶಿಷ್ಯಾನೇ. ರಿವರ್ಸ್ ತಗೊಳ್ಳೋದು ಕಲಿಯೋಕೆ ಎರಡು ತಿಂಗಳು ತಗೊಂಡ ಪುಣ್ಯಾತ್ಮ, ಅವನು ನನಗೆ ಏನು ಕಾಣುತ್ತೆ ಏನು ಕಾಣಲ್ಲ ಅಂತ ಹೇಳೋಕೆ ಬರ್ತಾನೆ! ಬಿಡಿ ಆ ಮಾತು.

ಮಾತು ಬೇಡ, ಒಂದು ಕೆಲಸ ಮಾಡಿ. ಹೋಗಿ ಒಳಗೆ ಕೂತು ನೋಡಿ. ಸ್ಟೀರಿಂಗ್ ಮುಂದೇನೇ ಕೂತ್ಕೊಳ್ಳಿ, ಹೆದರಬೇಡಿ, ಅದೇನು ತಾನಾಗೇ ಓಡಿಹೋಗಲ್ಲ. ಕೂತು ಹೇಳಿ, ಒಂದು ಕುಲುಕು ಇದೆಯಾ ಅಂತ. ಅಷ್ಟರಲ್ಲಿ ನಾನು ಈ ಕೈ ತೊಳ್ಕೊಳ್ತೀನಿ. ಸೀಮೆಎಣ್ಣೆ ಎಲ್ಲಿಟ್ಟೆ... ಇಲ್ಲಿ... ಬಟ್ಟೆ ಇದು... ಹಾಂ. ಈ ಗ್ರೀಸು ಉಗುರೊಳಗೆ ಹೋದ್ರೆ ಒಂದು ವಾರ ಬಿಡಲ್ಲ. ನಿಮ್ಮತ್ತೆ ಈ ಕೈಗೆ ತಟ್ಟೆ ಕೊಡಲ್ಲ. ಮಗೂನ ಎತ್ಕೋಬೇಕಲ್ಲ, ಅದಕ್ಕೇ ಚೆನ್ನಾಗಿ ಉಜ್ಜಬೇಕು...

ಏನು? ಇನ್ನೂ ಅಲ್ಲೇ ನಿಂತಿದ್ದೀರಾ, ಬಾಗಿಲಲ್ಲೇ?

ಹೋಗ್ರೀ, ಕೂತ್ಕೊಳ್ಳಿ ಅಂದ್ನಲ್ಲ. ...ಬೇಡವಾ? ನಿಂತಿರೋ ಗಾಡೀಲಿ ಕೂರೋಕೂ ಹೆದರಿಕೆ! ಅಯ್ಯೋ ದೇವರೇ, ಎಂಥಾ ಅಳಿಯನ್ನ ಕೊಟ್ಟೆ ನನಗೆ. ಕಣ್ಣು ಹದ್ದಿನದು, ಗುಂಡಿಗೆ ಗುಬ್ಬಿಯದು. ಸರಿ, ನಿಂತಿರಿ. ನಿಂತೇ ಕೇಳಿ. ಎದುರುಬದುರು ನಿಂತು ಹೇಳಿಬಿಡ್ತೀನಿ, ಮಧ್ಯೆ ಬಾಯಿ ಹಾಕಬೇಡಿ.

ನೀವು ಯಾಕೆ ಬಂದಿದ್ದೀರಿ ಅಂತ ನನಗೆ ಗೊತ್ತು. ಅವಳು ಕಳಿಸಿದ್ದಾಳೆ. ಅಪ್ಪನ ಹತ್ತಿರ ಮೆಲ್ಲಗೆ ಮಾತಾಡಿ, ನೋಯಿಸಬೇಡಿ, ಕೀಲಿ ಇಸ್ಕೊಂಡು ಬನ್ನಿ ಅಂತ. ಹೌದೋ ಅಲ್ವೋ? ...ನೋಡಿ, ಸುಮ್ಮನಿದ್ದೀರಿ. ಹೌದು ಅಂತಾಯ್ತು. ನಾನು ಕೊಡಲ್ಲ. ಕೊಡಲ್ಲ! ಈ ಕೀಲಿ ಕೊಟ್ಟರೆ ನನ್ನ ಹತ್ತಿರ ಇನ್ನೇನಿದೆ? ಬೆಳಗ್ಗೆ ಎದ್ದು ಏನು ಮಾಡಲಿ? ನಿಮ್ಮತ್ತೆ ಜೊತೆ ಬಟಾಣಿ ಸುಲೀಲಾ? ಯಾರಾದ್ರೂ ಎಲ್ಲಿಗಾದ್ರೂ ಕರ್ಕೊಂಡು ಹೋಗ್ತಾರೇನೋ ಅಂತ ಮೆಟ್ಟಿಲ ಮೇಲೆ ಕೂತು ಕಾಯಲಾ? ನನಗೆ ಹೆದರಿಕೆ ಆಗುತ್ತೆ ಅಳಿಯಂದಿರೇ. ಗುದ್ದೋ ಹೆದರಿಕೆ ಅಲ್ಲ. ಕೂತಿರೋ ಹೆದರಿಕೆ.

ಯಾಕೆ ಹಾಗೆ ಕಂಬದ ಹಾಗೆ ನಿಂತಿದ್ದೀರಿ? ಕೋಪ ಬಂತಾ? ಗುಬ್ಬಿ ಅಂದಿದ್ದಕ್ಕಾ? ತಮಾಷೆ ಕಣ್ರೀ, ಮಾವ ತಮಾಷೆ ಮಾಡಬಾರದಾ? ...ಒಂದು ಮಾತಾಡಿ. ಬಯ್ಯಿರಿ ಬೇಕಾದ್ರೆ. ಹೀಗೆ ನೋಡ್ತಾ ನಿಂತ್ಕೋಬೇಡಿ.

ಸರಿ. ಸರಿ, ಇಲ್ಲಿ ಕೇಳಿ. ಒಂದು ಒಪ್ಪಂದ ಮಾಡ್ಕೊಳ್ಳೋಣ, ಗಂಡಸರು ಗಂಡಸರು. ಇದೊಂದು ಸಲ ನನ್ನನ್ನ ಬಿಟ್ಟುಬಿಡಿ. ಒಂದೇ ಒಂದು ಸಲ. ಆಸ್ಪತ್ರೆಗೆ ಹೋಗೋ ದಾರಿ ನನಗೆ ಅಂಗೈ ಗೆರೆ ಇದ್ದ ಹಾಗೆ. ಎಲ್ಲಿ ತಿರುವು, ಎಲ್ಲಿ ದೀಪ, ಎಲ್ಲ ಎಣಿಸ್ಕೊಂಡೇ ಹೋಗಬಲ್ಲೆ. ನಿಮ್ಮತ್ತೆ ಪಕ್ಕದಲ್ಲಿರ್ತಾಳೆ, ಹೇಳ್ತಾ ಬರ್ತಾಳೆ. ಗಾಡಿ ಈಗ ಹಂಸದ ಹಾಗಿದೆ. ಅಕಸ್ಮಾತ್ ಯಾವುದಾದ್ರೂ ಹಳ್ಳ ತಪ್ಪಿಹೋದ್ರೂ ಅವಳಿಗೆ ಗೊತ್ತಾಗದ ಹಾಗೆ ಮಾಡಿದ್ದೀನಲ್ಲ, ಅದಕ್ಕೇ ತಾನೇ ಇಷ್ಟೆಲ್ಲಾ ಒದ್ದಾಡಿದ್ದು! ಅವಳನ್ನ ಆಸ್ಪತ್ರೆಗೆ ಸೇರಿಸಿ, ಆಮೇಲೆ ಮಗು ಸಮೇತ ಮನೆಗೆ ಕರ್ಕೊಂಡು ಬಂದು, ಆವತ್ತೇ ಕೀಲಿ ನಿಮ್ಮ ಕೈಗೆ ಹಾಕ್ತೀನಿ. ನನ್ನ ಮೇಲಾಣೆ. ಅವಳ ಹತ್ತಿರ ಹೇಳಬೇಡಿ. ಏನೂ ಹೇಳಬೇಡಿ. ಒಪ್ಪಿಗೇನಾ? ...ಒಪ್ಪಿಗೆ ತಾನೇ? ಬನ್ನಿ, ಕೈ ಕೊಡಿ. ಎಲ್ಲಿ, ಕೈ ಕೊಡಿ...

ತೋಳಿದೆ... ಕೈ ಎಲ್ಲಿ?

...

ಅಳಿಯಂದಿರೇ?

ಏನೋ ಬಿತ್ತು. ಟೋಪೀನಾ? ...ಇದು ನಿಮ್ಮ ಕೋಟು. ಮೊಳೆಯ ಮೇಲೆ ನಿಮ್ಮ ಕೋಟು. ನಾನೇ ಹೇಳಿದ್ದೆ, ಇಲ್ಲಿ ಹಾಕಿ ಅಂತ.

ಎಲ್ಲಿದ್ದೀರಿ?

ಅಳಿಯಂದಿರೇ, ಎಲ್ಲಿದ್ದೀರಿ? ಆಟ ಆಡಬೇಡಿ ನನ್ನ ಹತ್ತಿರ. ಒಂದು ಸಲ ಕೆಮ್ಮಿ. ...ಹೋಗಿಬಿಟ್ರಾ?

...ಗಾಡಿಯೊಳಗಾ! ಯಾವಾಗ ಕೂತ್ರಿ? ...ಹೇಳಿದ ತಕ್ಷಣವೇ? ನಾನು ಕೈ ತೊಳೆಯೋಕೆ ತಿರುಗಿದಾಗಲೇ? ಅಂದ್ರೆ ಇಷ್ಟು ಹೊತ್ತೂ... ಗುಬ್ಬಿ, ಬಟಾಣಿ, ಒಪ್ಪಂದ... ಎಲ್ಲಾನೂ ಕೋಟಿಗೇ ಹೇಳಿದ್ನಾ?

ನೋಡಿದ್ರಾ. ಬಾಗಿಲು ತೆಗೆದ ಸದ್ದಿಲ್ಲ. ಸೀಟಿನ ಸದ್ದಿಲ್ಲ. ಒಂದು ಕಿರ್‍ರ್ ಇಲ್ಲ. ಹೇಳಲಿಲ್ವಾ ನಾನು? ಎಷ್ಟು ಚೆನ್ನಾಗಿ ಬಂದಿದೆ ಸಸ್ಪೆನ್ಷನ್ನು! ಅಯ್ಯಪ್ಪಾ... ನನ್ನ ಕೈಕೆಲಸ ನನಗೇ ಕೈಕೊಡ್ತಲ್ಲ ರೀ.

ನಗಿ. ಈಗ ನಗಬಹುದು ನೀವು, ಪರವಾಗಿಲ್ಲ. ನಗ್ತಿದ್ದೀರೋ ಅಳ್ತಿದ್ದೀರೋ, ಬಾಯಿಬಿಟ್ಟು ಹೇಳಿದ್ರೆ ತಾನೇ ನನಗೆ ಗೊತ್ತಾಗೋದು. ಮುಖ ಕಾಣಲ್ಲ ನನಗೆ. ನೆಟ್ಟಗೆ ನೋಡಿದ್ರೆ ನಡುವೆ ಒಂದು ಬೂದಿ ಬಣ್ಣದ ಮಚ್ಚೆ, ಸುತ್ತ ಎಲ್ಲಾ ಇರುತ್ತೆ. ಟೋಪಿ ಇರುತ್ತೆ, ಭುಜ ಇರುತ್ತೆ, ಬಾಗಿಲು ಇರುತ್ತೆ. ಅದಕ್ಕೇ ಕೋಟು ನೋಡಿ ನೀವೇ ಅಂದ್ಕೊಂಡೆ. ಅದಕ್ಕೆ ಮುಖ ಇರಲಿಲ್ಲ. ನನಗೀಗ ಯಾರಿಗೂ ಮುಖ ಇರಲ್ಲ ಅಳಿಯಂದಿರೇ. ನನ್ನ ಮಗಳಿಗೂ ಇಲ್ಲ.

ನಿಮ್ಮತ್ತೆಗೆ ಗೊತ್ತು. ಅವಳೇ ಒಂದು ದಿನ ಏನೂ ಕೇಳದೆ, ಏನೂ ಹೇಳದೆ, ಸೈಕಲ್ಲು ರೀ ಅಂತ ಶುರು ಮಾಡಿದ್ಲು. ಇಬ್ಬರೂ ಆ ವಿಷಯ ಇವತ್ತಿನವರೆಗೂ ಆಡಿಲ್ಲ.

...ಅಲ್ಲಿ ಬ್ರೆಡ್ಡಿನ ವ್ಯಾನಿಲ್ಲ, ಅಲ್ವಾ? ಆಗ ಇಣುಕಿದ್ರಲ್ಲ, ಆಗಲೇ ಗೊತ್ತಾಯ್ತಾ ನಿಮಗೆ? ಗೊತ್ತಾಗಿಯೂ ಹೂಂ ಅಂದ್ರಿ. ನಾನು ಆ ದರ್ಜಿಗೆ ಬೈದ ಹಾಗೆ ಬೈಯಬಹುದಿತ್ತು ನೀವು ನನಗೆ.

ಬೇಡ, ಇಳಿಯಬೇಡಿ! ಅಲ್ಲೇ ಕೂತಿರಿ. ನನ್ನ ಕೈ ಹಿಡಿಯೋಕೆ ಬರಬೇಡಿ, ಈ ಶೆಡ್ಡಲ್ಲಿ ನನಗೆ ದಾರಿ ಗೊತ್ತು. ಇದು ಹಿಂದಿನ ಚಕ್ರ... ಇದು ಬಾಗಿಲು... ಇದು ಮುಂದಿನದು. ಇದೇನಾ ಹಸಿರು? ಹ್ಹ! ಇರಲಿ ಬಿಡಿ, ಮಗು ನೋಡಿ ನಗಲಿ. ಸುತ್ತಿಕೊಂಡು ಈ ಕಡೆಯಿಂದ ಬರ್ತೀನಿ, ಪಕ್ಕದ ಸೀಟಿಗೆ. ಇಷ್ಟು ವರ್ಷ ಅನ್ನ ಹುಟ್ಟಿಸಿದ ಸೀಟು ಇದೇ ತಾನೇ. ...ಹಾಂ. ಕೂತೆ. ಮೆತ್ತಗಿದೆ. ಚೆನ್ನಾಗಿದೆ ಅಲ್ವಾ? ನಿಜ ಹೇಳಿ, ಚೆನ್ನಾಗಿದೆ ತಾನೇ?

ಆ ಬಾಡಿಗೆ ಗಾಡಿಯವನಿಗೆ ಬರೋಕೆ ಹೇಳಿ. ನಿಧಾನಕ್ಕೆ ಓಡಿಸು ಅಂತ ಹೇಳಿ. ನಿಮ್ಮತ್ತೆ ಮುಂದೆ ಕೂತು ಅವನಿಗೂ ಹಳ್ಳ ತೋರಿಸಲಿ, ಅವನ ತಲೇನೂ ತಿನ್ನಲಿ. ಮಗು ಮನೆಗೆ ಬರೋ ಹೊತ್ತಿಗೆ ನೀವೇನೂ ಕಲಿತಿರಲ್ಲ, ಅದು ನನಗೆ ಗೊತ್ತು. ಆದ್ರೆ ಅದಕ್ಕೆ ಹಲ್ಲು ಬರೋ ಹೊತ್ತಿಗೆ ಕಲಿಸ್ತೀನಿ. ಈ ಸಲ ಮೂರನೇ ದಿನ ಓಡಿಹೋಗೋ ಹಾಗಿಲ್ಲ. ಇವತ್ತು ಬೀದಿಯ ಕೊನೆವರೆಗೆ, ಅಷ್ಟೇ. ಹೋಗಿ ವಾಪಸ್ಸು.

ಕೀಲಿ ನನ್ನ ಜೇಬಲ್ಲಿದೆ. ತಾಳಿ, ಹಾಗೆ ಕೊಡೋಕಾಗಲ್ಲ. ಪದ್ಧತಿ ಅಂದ್ರೆ ಪದ್ಧತಿ. ಬಾಗಿಲಾಚೆ ನೋಡಿ. ಬೀದಿಯ ಆ ಕಡೆ ಗಾಡಿ ನಿಂತಿದೆಯಾ? ...ಯಾವುದೋ ಒಂದು ನಿಂತಿದೆಯಾ? ನಂಬರ್ ಓದಿ. ಜೋರಾಗಿ.

...

ಇನ್ನೊಂದ್ಸಲ ಓದಿ.

...ಹೂಂ.

ಸರಿ ಓದಿದ್ರೋ, ತಪ್ಪು ಓದಿದ್ರೋ, ನನಗೆ ಹೇಗೆ ಗೊತ್ತಾಗಬೇಕು? ನೀವು ಹೇಳಿದ್ದೇ ಸರಿ. ಪಾಸು. ತಗೊಳ್ಳಿ ಕೀಲಿ.